ಹತ್ತೊಂಬತ್ತು ನಿಮಿಷದ ರೈಲು ಹಾಡು

ಬೆಳಗಿನ ಐದೂ ಇಪ್ಪತ್ತಕ್ಕೆ ಹತ್ತಿಯ ಗೋದಾಮಿನ ಮೆಟ್ಟಿಲು ಹತ್ತುವಾಗ ರಾಮಲಕ್ಷ್ಮಿ ದಿನವೂ ತನ್ನೊಳಗೇ ಒಂದು ತಪ್ಪು ಒಪ್ಪಿಕೊಳ್ಳುತ್ತಾಳೆ. ‘ಎಂಥ ಚೆಂದದ ಹಾಡು, ಕೇಳಿರಿ’ ಎಂದು ರೇಡಿಯೋದಲ್ಲಿ ಮೂವತ್ತೊಂದು ಊರಿಗೆ ಹೇಳಿ ದಿನವೂ ಹಾಕುವ ಹಾಡೊಂದರ ನಡುಭಾಗವನ್ನು ಅವಳು ಒಮ್ಮೆಯೂ ಕೇಳಿಲ್ಲ. ಮೊದಲ ಒಂದೂವರೆ ನಿಮಿಷ ಬಾಯಿಪಾಠ. ಕೊನೆಯ ಐದು ನಿಮಿಷವೂ ಗೊತ್ತು. ನಡುವೆ ಏನಿದೆ ಎಂದು ಯಾರಾದರೂ ಕೇಳಿಬಿಟ್ಟರೆ ಏನು ಹೇಳುವುದು ಎಂಬ ಪುಟ್ಟ ಅಳುಕು ಎರಡು ವರ್ಷದಿಂದ ಅವಳ ಜೊತೆಗೇ ಈ ಇಪ್ಪತ್ತನಾಲ್ಕು ಮೆಟ್ಟಿಲು ಹತ್ತುತ್ತಿದೆ.

ಕನ್ನಡ-ತೆಲುಗು ಗಡಿಯ ಆಲೂರಿನ ಈ ಗೋದಾಮಿನ ಮಾಳಿಗೆಯಲ್ಲಿರುವುದು ‘ಹಗರಿ ರೇಡಿಯೋ’. ಒಂದು ಮೇಜು, ಒಂದು ಮೈಕು, ಒಂದು ಮುದಿ ಕಂಪ್ಯೂಟರು. ದನಿ ಮಾರ್ದನಿಸದಿರಲೆಂದು ಗೋಡೆಗೆಲ್ಲ ಹಳೆಯ ಕೌದಿ. ಸಣ್ಣ ಪ್ರಸಾರ ಯಂತ್ರ. ಬಯಲು ನಾಡಾದ್ದರಿಂದ ದನಿ ಚಿಪ್ಪಗಿರಿ ದಾರಿಯ ಹೊಲಗಳವರೆಗೂ ಹೋಗುತ್ತದೆ. ಐದೂವರೆಯಿಂದ ಒಂಬತ್ತೂವರೆವರೆಗೆ ಆ ಕೋಣೆಯಲ್ಲಿರುವ ಒಂದೇ ಜೀವ ರಾಮಲಕ್ಷ್ಮಿ. ವಯಸ್ಸು ಇಪ್ಪತ್ತೆಂಟು. ಹುಟ್ಟಿದ್ದು ಮದ್ದಿಕೇರ, ಬಿ.ಎ. ಮುಗಿಸಿದ್ದು ಆದೋನಿಯಲ್ಲಿ. ನಾಲ್ಕು ಜನ ಸೇರಿದ ಕಡೆ ಬಾಯಿ ಬಿಡದ ಹುಡುಗಿ. ಆದರೆ ಪ್ರಸಾರದ ಕೆಂಪು ದೀಪ ಹತ್ತಿದರೆ ಸಾಕು, ಎರಡು ಭಾಷೆಯಲ್ಲಿ ಸಲೀಸಾಗಿ ಹರಿಯುತ್ತಾಳೆ.

“ಮೈಕಿಗೆ ಕಣ್ಣಿಲ್ಲಲ್ರಿ, ಅದಕ್ಕ ಅಂಜಿಕಿ ಇಲ್ಲ” ಎನ್ನುತ್ತಾಳೆ.

ಬೆಳಗಿನಲ್ಲಿ ಅರವತ್ತು ಎಪ್ಪತ್ತು ಫೋನು ಬರುತ್ತವೆ. ಮೊದಲ ಬಸ್ಸು ಬರಲಿಲ್ಲ. ನಲ್ಲಿ ನೀರು ಇವತ್ತು ಯಾವ ಓಣಿಗೆ. “ಅಮ್ಮಾ, ಮಾ ಕರಿ ಮ್ಯಾಕಿ ಕಾಣಿಸ್ತಲೇದು, ನಿನ್ನಿ ಸಂಜಿಲಿಂದ” ಎಂದು ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಒಬ್ಬಾಕೆ ಅಳುತ್ತಾಳೆ. ರಾಮಲಕ್ಷ್ಮಿ ಮೇಕೆಯ ಕಿವಿ, ಕೊಂಬು, ಗೊರಸು ಎಲ್ಲ ವಿಚಾರಿಸಿ, ಎರಡು ಭಾಷೆಯಲ್ಲೂ ಸಾರಿ, ಹಾಡು ಹಾಕುತ್ತಾಳೆ. ಹಾಡು ಮುಗಿಯುವಷ್ಟರಲ್ಲಿ ಮೇಕೆ ಸಿಕ್ಕ ಸುದ್ದಿಯೂ ಬಂದಿರುತ್ತದೆ.

ಇವತ್ತು ಬುಧವಾರ. ಬಾಗಿಲಿಗೆ ನಿನ್ನೆ ಸಂಜೆ ಅಂಟಿಸಿದ ಹಾಳೆಯೊಂದಿದೆ. ಬರುವ ಸೋಮವಾರದಿಂದ ನಾಲ್ಕು ನಿಮಿಷ ಮೀರಿದ ಯಾವ ಹಾಡನ್ನೂ ಹಾಕತಕ್ಕದ್ದಲ್ಲ. ಆಕ್ಷೇಪಣೆ ಇದ್ದವರು ಭಾನುವಾರ ಎಂಟಕ್ಕೆ ನೇರ ಪ್ರಸಾರವಾಗುವ ಕೇಳುಗರ ಸಭೆಯಲ್ಲಿ ಹೇಳಬಹುದು. ಕೆಳಗೆ ರೇಡಿಯೋ ಸಮಿತಿಯ ಅಧ್ಯಕ್ಷ, ಹತ್ತಿ ವ್ಯಾಪಾರಿ ಭೀಮಲಿಂಗಪ್ಪನವರ ರುಜು. ಯಾವುದೋ ತರಬೇತಿಗೆ ಹೋಗಿದ್ದರಂತೆ. ಈಗಿನ ಜನ ನಾಲ್ಕು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೇ ಹಾಡು ಕೇಳುವುದಿಲ್ಲ ಎಂದು ಅಲ್ಲಿ ಹೇಳಿಕೊಟ್ಟರಂತೆ.

ನಾಲ್ಕು ನಿಮಿಷದಲ್ಲಿ ಕಾಂಪೌಂಡಿನ ಆ ತುದಿ ಮುಟ್ಟಿ, ಪಾಯಖಾನೆಯ ಬೀಗದ ಜೊತೆ ಗುದ್ದಾಟ ಶುರು ಮಾಡಬಹುದು. ಅಷ್ಟೆ.

ಗುಟ್ಟು ಇರುವುದೇ ಇಲ್ಲಿ. ಇಪ್ಪತ್ತನಾಲ್ಕು ಮೆಟ್ಟಿಲು ಇಳಿದು, ಮುನ್ನೂರ ಹನ್ನೆರಡು ಹೆಜ್ಜೆ ನಡೆದು, ತುಕ್ಕು ಹಿಡಿದ ಬೀಗ ತೆಗೆದು, ಬೋರಿಂಗಿನಿಂದ ಒಂದು ಬಕೆಟ್ ನೀರು ಹೊಡೆದುಕೊಂಡು, ಹೋಗಿ, ಮತ್ತೆ ಓಡಿ ಬಂದು ಮೆಟ್ಟಿಲು ಹತ್ತಲು ಹನ್ನೆರಡೂವರೆ ನಿಮಿಷ ಬೇಕು. ಎರಡು ಹಾಡು ಸಾಲಾಗಿಟ್ಟು ಹೋಗೋಣವೆಂದರೆ ಮುದಿ ಕಂಪ್ಯೂಟರು ಮೊದಲನೆಯದು ಮುಗಿದದ್ದೇ ನಿಂತುಬಿಡುತ್ತದೆ. ಬೆರಳಿಟ್ಟು ಒತ್ತಿದರೇ ಮುಂದಕ್ಕೆ. ಮಾತಿನ ಮುದ್ರಿಕೆಗಳನ್ನು ಬೆಳಗಿನ ಪ್ರಸಾರದಲ್ಲಿ ಹಾಕುವಂತಿಲ್ಲ. ಹತ್ತು ಸೆಕೆಂಡು ರೇಡಿಯೋ ಸುಮ್ಮನಾದರೆ ಭೀಮಲಿಂಗಪ್ಪನವರ ಫೋನು: “ಏನಮ್ಮಾ, ನಿದ್ದಿ ಹತ್ತಿತೇನು?”

ಮೊದಲ ಮೂರು ವರ್ಷ ಅವಳು ಸಂಜೆ ಆರರ ಮೇಲೆ ನೀರು ಮುಟ್ಟುತ್ತಿರಲಿಲ್ಲ. ಮರುದಿನ ಹತ್ತರವರೆಗೆ ಹಾಗೇ. ವರ್ಷಕ್ಕೆರಡು ಸಲ ಉರಿಮೂತ್ರ, ಜ್ವರ. ಆದೋನಿಯ ಡಾಕ್ಟರಮ್ಮ ಪ್ರತಿ ಸಲ ಅದೇ ಕೇಳುತ್ತಿದ್ದರು: “ನೀರು ಯಾಕ ಕುಡಿಯಲ್ಲಮ್ಮ ನೀನು?” ರಾಮಲಕ್ಷ್ಮಿ ತಲೆ ತಗ್ಗಿಸಿ “ಮರೆತುಹೋಗ್ತೈತ್ರಿ” ಎನ್ನುತ್ತಿದ್ದಳು. ಗೋದಾಮಿನ ಮಾಳಿಗೆಯನ್ನು ಬಿಟ್ಟಿಯಾಗಿ ಕೊಟ್ಟವರು ಭೀಮಲಿಂಗಪ್ಪ. ತಂದೆಯ ವಯಸ್ಸಿನವರು. ಅವರೆದುರು ನಿಂತು ಪಾಯಖಾನೆ ದೂರ ಎಂದು ಹೇಳುವುದೆಂದರೆ ಅವಳಿಗೆ ನಾಲಿಗೆಯೇ ಏಳುವುದಿಲ್ಲ. ಐದು ವರ್ಷದಲ್ಲಿ ಆ ಪದ ಆ ಕೋಣೆಯಲ್ಲಿ ಒಮ್ಮೆಯೂ ಕೇಳಿಬಂದಿಲ್ಲ.

ಆಗ ಬಂದವನು ಅಂಜಿ. ಆಲೂರಿಗೂ ಚಿಪ್ಪಗಿರಿಗೂ ಶೇರ್ ಆಟೋ ಓಡಿಸುವ ಅವನು ಭಾನುವಾರವಾದರೆ ಆದೋನಿಯ ಮೂವರು ಗೆಳೆಯರ ಜೊತೆ, ಕೆಲಸ ನಿಂತ ಹತ್ತಿ ಜಿನ್ನಿಂಗ್ ಮಿಲ್ಲಿನ ಶೆಡ್ಡಿನಲ್ಲಿ ಡ್ರಮ್ಸ್ ಬಾರಿಸುತ್ತಾನೆ. ಎರಡು ಗಿಟಾರು, ಒಂದು ಹಾರ್ಮೋನಿಯಂ, ಇವನ ಡ್ರಮ್ಸು. ಒಂದು ದಿನ ಪೆನ್‌ಡ್ರೈವ್ ತಂದು ಮೇಜಿನ ಮೇಲಿಟ್ಟ.

“ಅಕ್ಕಾ, ಇದು ರಾಕ್. ಕೇಳಿ ನೋಡು. ಸ್ವಲ್ಪ ಉದ್ದ ಆಗೈತಿ.”

“ಎಷ್ಟು ಉದ್ದ?”

“ಹತ್ತೊಂಬತ್ತು ನಿಮಿಷ. ನಿಲ್ಸೋದು ಹೆಂಗಂತ ಯಾರಿಗೂ ಗೊತ್ತಾಗಲಿಲ್ಲ.”

ಹತ್ತೊಂಬತ್ತು ಎಂಬ ಸಂಖ್ಯೆ ಕೇಳಿದ ಆ ಗಳಿಗೆ ನೆನೆದರೆ ರಾಮಲಕ್ಷ್ಮಿಗೆ ಇವತ್ತಿಗೂ ರೋಮಾಂಚನ. ಹಾಡು ಹೇಗಿದೆ ಎಂದು ಅವಳು ವಿಚಾರಿಸಲೂ ಇಲ್ಲ. ಮರುದಿನ ಏಳೂ ಐದಕ್ಕೆ ಹಾಕಿದಳು. ಗೂಡ್ಸ್ ಗಾಡಿ ದೂರದಿಂದ ಬರುವಂತೆ ಗಿಟಾರು ಶುರುವಾಗುತ್ತಿದ್ದಂತೆ ಹೆಡ್‌ಫೋನು ಬಿಚ್ಚಿ, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದಳು. ತಿರುಗಿ ಬಂದು ಕುಳಿತು, ಎರಡು ಲೋಟ ನೀರು ಕುಡಿದು, ಹಾಡು ಇನ್ನೂ ಓಡುತ್ತಲೇ ಇರುವುದನ್ನು ನೋಡಿ ಒಬ್ಬಳೇ ನಕ್ಕಳು. ಆಮೇಲೆ ಉರಿಮೂತ್ರ ಬಂದಿಲ್ಲ.

ರೇಡಿಯೋ ಕೆಲಸದವರಿಗೆ ಉದ್ದದ ಹಾಡಿನ ಮೇಲೆ ಹಿಂದಿನಿಂದಲೂ ಪ್ರೀತಿ. ದೊಡ್ಡ ಪಟ್ಟಣಗಳ ಸ್ಟೇಷನ್ನುಗಳಲ್ಲಿ ಒಬ್ಬರೇ ಕೂತು ದನಿ ಕೊಡುತ್ತಿದ್ದವರು ಕಾಲು ಗಂಟೆ, ಇಪ್ಪತ್ತು ನಿಮಿಷದ ರಾಕ್ ಹಾಡು ಹಚ್ಚಿ ಚಹಾಕ್ಕೋ, ಸಿಗರೇಟಿಗೋ, ದೇಹದ ಬಾಧೆಗೋ ಎದ್ದು ಹೋಗುತ್ತಿದ್ದರು. ಕೇಳುಗರು ಅದನ್ನು ಅಭಿರುಚಿ ಎಂದುಕೊಳ್ಳುತ್ತಿದ್ದರು. ಆಲೂರಿನಲ್ಲೂ ಹಾಗೇ ಆಯಿತು. ಹಾಡಿಗೆ ಜನರೇ ‘ರೈಲು ಹಾಡು’ ಎಂದು ಹೆಸರಿಟ್ಟರು. ನಿವೃತ್ತ ಮೇಷ್ಟ್ರು ಮರಿಬಸಪ್ಪನವರು, ಇದು ಧ್ಯಾನಕ್ಕೆ ಹೇಳಿ ಮಾಡಿಸಿದ ನಾದ, ಹಾಕುವ ಹುಡುಗಿಗೆ ಆಳವಾದ ಸಂಗೀತಜ್ಞಾನ ಇರಬೇಕು ಎಂದು ಮೂರು ಪುಟದ ಪತ್ರ ಬರೆದರು. ಅವಳು ಅದನ್ನು ಡೈರಿಯ ನಡುವೆ ಬಚ್ಚಿಟ್ಟಿದ್ದಾಳೆ. ತೆಗೆದು ನೋಡಿದರೆ ನಾಚಿಕೆ, ಎಸೆಯಲು ಮನಸ್ಸಿಲ್ಲ.

ಪ್ರಸಾರ ಮುಗಿಸಿ ಬುಧವಾರಗಳಲ್ಲಿ ಅವಳು ಹಳ್ಳಿಗರ ಮಾತು ಮುದ್ರಿಸಿಕೊಳ್ಳಲು ಹೋಗುತ್ತಾಳೆ. ಇವತ್ತು ಅಂಜಿಯ ಆಟೋದಲ್ಲಿ ಚಿಪ್ಪಗಿರಿ ದಾರಿಗೆ. ಒಂಬತ್ತು ಜನರ ನಡುವೆ ಅವನು ತಲೆ ಹೊರಳಿಸಿ ಕೂಗುತ್ತಾನೆ:

“ನಮ್ಮ ಹಾಡು ಪೂರ್ತಿ ಕೇಳಿದಾಕಿ ಲೋಕದಾಗ ಇಕಿ ಒಬ್ಬಾಕಿನೇ ನೋಡ್ರಿ. ನಮ್ಮವ್ವ ಸೈತ ಕೇಳಿಲ್ಲ. ಅಕ್ಕಾ, ಎಂಟನೇ ನಿಮಿಷಕ್ಕ ನಾ ಬಾರಿಸ್ತೀನಲ್ಲ, ಹೆಂಗೈತಿ?”

“ಚೊಲೊ ಐತಿ” ಎನ್ನುತ್ತಾಳೆ ರಾಮಲಕ್ಷ್ಮಿ, ಹೊಲದ ಕಡೆ ಮುಖ ತಿರುಗಿಸಿ. “ಮುಂದ ನೋಡಿ ಓಡ್ಸು.”

ಹತ್ತಿ ಒಡೆದು ಹೊಲವೆಲ್ಲ ಬೆಳ್ಳಗಾಗಿದೆ. ಹದಿನೆಂಟು ಹೆಂಗಸರು ಉಡಿ ಕಟ್ಟಿಕೊಂಡು ಸಾಲು ಹಿಡಿದಿದ್ದಾರೆ. ಅವರ ಮೇಸ್ತ್ರಿ ದಸ್ತಗಿರಮ್ಮ, ಐವತ್ತರ ಗಟ್ಟಿ ಹೆಂಗಸು, ಸೊಂಟಕ್ಕೆ ಸಿಕ್ಕಿಸಿದ ಫೋನಿನಲ್ಲಿ ರೇಡಿಯೋ ಹಚ್ಚಿದ್ದಾಳೆ. ಬೆಳಗಿನ ಪ್ರಸಾರವನ್ನೇ ಹನ್ನೊಂದರಿಂದ ಒಂದೇ ಮುದ್ರಿಕೆಯಾಗಿ ಮರುಪ್ರಸಾರ ಮಾಡುತ್ತಾರೆ. ಹೀಗಾಗಿ ರಾಮಲಕ್ಷ್ಮಿಯ ದನಿ ಫೋನಿನಲ್ಲಿ ಕರಿಮೇಕೆಯ ಕಥೆ ಹೇಳುತ್ತಿರುವಾಗ ರಾಮಲಕ್ಷ್ಮಿ ಬದುವಿನ ಮೇಲೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದಾಳೆ.

ಹನ್ನೆರಡೂ ಮೂವತ್ತೈದು. ಗಿಟಾರು ಗುಡುಗುಡು ಎಂದು ಶುರುವಾಗುತ್ತದೆ. ಅಷ್ಟೇ ತಡ, ಹದಿನೆಂಟು ಉಡಿಗಳೂ ನೆಲಕ್ಕಿಳಿಯುತ್ತವೆ. ಒಬ್ಬಾಕೆ ಬಾಟಲಿ ಎತ್ತಿ ಗಟಗಟ ನೀರು ಕುಡಿಯುತ್ತಾಳೆ. ಇನ್ನೊಬ್ಬಾಕೆ ಬೆನ್ನು ನೆಟ್ಟಗೆ ಮಾಡಿ ಮಲಗಿಯೇ ಬಿಡುತ್ತಾಳೆ. ಉಳಿದವರು ಇಬ್ಬಿಬ್ಬರಾಗಿ, ನಗುತ್ತ, ಪಕ್ಕದ ಎತ್ತರದ ತೊಗರಿ ಸಾಲಿನೊಳಗೆ ಮರೆಯಾಗುತ್ತಾರೆ. ಇಬ್ಬರು ಬಂದ ಮೇಲೆ ಇನ್ನಿಬ್ಬರು.

“ಇದೇನು ದೊಡ್ಡವ್ವ?”

“ಇದಾ? ಇದು ನಮ್ಮ ಕಟ್ಟಳಿ. ರೈಲು ಹಾಡು ಬಂತಂದ್ರ ಕುಂದ್ರೋದು, ಮುಗಿದ ಕೂಡ್ಲೇ ಏಳೋದು. ಬೆಳಿಗ್ಗಿ ಒಂದು ಸಲ, ಈಗ ಒಂದು ಸಲ. ಮೊದಲು ಕುಂತ್ರ ಸಾಕು, ಹೊಲದ ಗೌಡ ಗಡಿಯಾರ ತೋರಿಸ್ತಿದ್ದ. ಈಗ ‘ಹಾಡು ಮುಗೀಲಿ ತಡೀರಿ’ ಅಂತೀನಿ. ಅವನೂ ಕಟ್ಟಿ ಮ್ಯಾಲೆ ಕುಂತು ಕಾಲು ಕುಣಿಸ್ತಾನ. ಮುಂಜಾನಿಂದ ನೀರು ಕುಡಿಲಾರದ ದುಡೀತಿದ್ರವ್ವ ಇವ್ರೆಲ್ಲ. ಹೋಗಾಕ ಹೊತ್ತಿಲ್ಲಂದ್ರ ಕುಡಿಯೋದು ಹೆಂಗ?”

ರಾಮಲಕ್ಷ್ಮಿ ತನ್ನೊಬ್ಬಳದೇ ಎಂದುಕೊಂಡಿದ್ದ ಗುಟ್ಟು ಇಲ್ಲಿ ಹದಿನೆಂಟು ಜನರ ಕಟ್ಟಳೆಯಾಗಿ ಕುಳಿತಿದೆ. ಅಷ್ಟರಲ್ಲಿ ಎಂಟನೇ ನಿಮಿಷ. ಗಿಟಾರುಗಳು ಹಿಂದೆ ಸರಿದು ಅಂಜಿಯ ಡ್ರಮ್ಸು ಒಂಟಿಯಾಗಿ ಏಳುತ್ತದೆ, ಮೊದಲು ಸಣ್ಣಗೆ, ಆಮೇಲೆ ಸೇತುವೆ ಮೇಲೆ ಗಾಡಿ ಹಾಯ್ದಂತೆ. ಒಬ್ಬ ಹುಡುಗಿ ಎದ್ದು ಸೆರಗು ಸಿಕ್ಕಿಸಿ ಎರಡು ಸುತ್ತು ಕುಣಿಯುತ್ತಾಳೆ. ಉಳಿದವರು ಚಪ್ಪಾಳೆ ತಟ್ಟುತ್ತಾರೆ. ತಾನೇ ಏಳುನೂರು ಸಲ ಹಾಕಿದ ಹಾಡನ್ನು ರಾಮಲಕ್ಷ್ಮಿ ಮೊದಲ ಸಲ ಕೇಳುತ್ತಾಳೆ, ಬದುವಿನ ಮೇಲೆ ಕುಳಿತು, ಬಾಯಿ ತೆರೆದುಕೊಂಡು.

“ಹೌದಲ್ಲ, ನೀ ಯಾಕ ಹಾಕ್ತಿ ಇದನ್ನ ದಿನಾ?” ದಸ್ತಗಿರಮ್ಮ ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಾಳೆ.

ಹೇಳಬಹುದಿತ್ತು. ಹೆಂಗಸರೇ ಸುತ್ತ ಇದ್ದಾರೆ. “ಹಾಡು ಚೊಲೊ ಐತಿ ಅಂತ, ದೊಡ್ಡವ್ವ” ಎಂಬ ಮಾತು ಬಾಯಿಂದ ತಾನೇ ಬಂದುಬಿಡುತ್ತದೆ. ಸೋಮವಾರದಿಂದ ಹಾಡು ಬರುವುದಿಲ್ಲ, ಬೇಡವೆನ್ನುವವರು ಭಾನುವಾರದ ಸಭೆಗೆ ಫೋನು ಮಾಡಬಹುದು ಎಂಬುದನ್ನು ಮಾತ್ರ ಹೇಳುತ್ತಾಳೆ. ದಸ್ತಗಿರಮ್ಮನ ಕೈಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಲ್ಲುತ್ತದೆ.

“ಫೋನ್ ನಂಬರು ಬರದು ಕೊಡು. ಐತವಾರ ನಾ ಮಾತಾಡ್ತೀನಿ.”

ಭಾನುವಾರ ಎಂಟಕ್ಕೆ ಕೌದಿ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಭೀಮಲಿಂಗಪ್ಪ, ಸಮಿತಿಯ ಇನ್ನೂ ಆರು ಗಂಡಸರು, ಮೇಜಿನ ಮೂಲೆಯಲ್ಲಿ ರಾಮಲಕ್ಷ್ಮಿ. ಕೆಂಪು ದೀಪ ಹತ್ತುತ್ತದೆ. ಮೊದಲ ಫೋನು ಮರಿಬಸಪ್ಪ ಮೇಷ್ಟ್ರದು: “ಈ ಹಾಡು ಜನರಿಗೆ ತಾಳ್ಮೆ ಕಲಿಸ್ತದ, ತೆಗೆಯಬಾರದು.” “ಮೇಷ್ಟ್ರೇ, ತಾಳ್ಮಿ ನಮಗ ನಿಮ್ಮ ಕ್ಲಾಸಿನ್ಯಾಗ ಕಲ್ತಾಗೈತಿ” ಎಂದು ಭೀಮಲಿಂಗಪ್ಪ ನಗಿಸುತ್ತಾರೆ. ಎರಡನೆಯದು ಅಂಜಿ, ಆಟೋದ ಗದ್ದಲದ ನಡುವೆ: “ಸಾವ್ಕಾರ್ರ, ನಾಕು ನಿಮಿಷಕ್ಕ ಕೊಯ್ದ್ರ ನಾ ಬಾರ್ಸೋದ ಬರಂಗಿಲ್ಲ.” ಮತ್ತೆ ನಗು.

ಮೂರನೆಯದು ದಸ್ತಗಿರಮ್ಮ. “ಸಾವ್ಕಾರ್ರ, ರೈಲು ಹಾಡು ತೆಗಿಬ್ಯಾಡ್ರಿ. ಅದು ಬಂದಾಗ ನಾವು ಕುಂದ್ರತೀವಿ.”

“ಕುಂದ್ರಾಕ ಹಾಡು ಯಾಕ ಬೇಕವ್ವ?”

“ಹಾಡಿಲ್ಲದ ಕುಂತ್ರ ಮೈಗಳ್ಳಿ ಅಂತಾರ್ರಿ.”

“ಹಂಗಾದ್ರ ನಾಕು ನಿಮಿಷದ ಹಾಡಿಗೂ ಕುಂದ್ರಬಹುದಲ್ಲ.”

“ನಾಕು ನಿಮಿಷದಾಗ ಹದಿನೆಂಟು ಮಂದಿ ತೊಗರ್ಯಾಗ ಹೋಗಿ ಬರಾಕ ಆಗ್ತೈತೇನ್ರಿ? ನೀವ ಹೇಳ್ರಿ.”

ಆರು ಗಂಡಸರೂ ತಮ್ಮ ತಮ್ಮ ಕಾಲ್ಬೆರಳು ನೋಡಿಕೊಳ್ಳುತ್ತಾರೆ. ಭೀಮಲಿಂಗಪ್ಪ ಗಂಟಲು ಸರಿ ಮಾಡಿಕೊಳ್ಳುತ್ತಾರೆ. “ಅದು ರೇಡಿಯೋದಾಗ ಆಡೋ ಮಾತಲ್ಲವ್ವ. ಇರ್ಲಿ. ಹೊಲದ ಮಾತು ಹೊಲದಾಗ ಇರ್ಲಿ.” ಸಭ್ಯವಾದ ಮಾತಿಗೆ ಹುಡುಕುತ್ತ ಮೈಕನ್ನು ರಾಮಲಕ್ಷ್ಮಿಯ ಕಡೆ ತಿರುಗಿಸುತ್ತಾರೆ. ಅವರ ದನಿಯಲ್ಲಿ ಮಮತೆಯೇ ಇದೆ. “ನೀ ಹೇಳಮ್ಮ. ನೀ ಓದಿದಾಕಿ, ಸಂಗೀತ ಬಲ್ಲಾಕಿ. ಆ ಹಾಡಿನ್ಯಾಗ ಏನೈತಂತ ದಿನಾ ಹಾಕ್ತಿ?”

ಹಾಡು ಚೊಲೊ ಐತಿ ಎನ್ನುವುದು ಈಗ ಸುಳ್ಳೂ ಅಲ್ಲ. ಅವಳು ಕೇಳಿದ್ದಾಳೆ. ಹಾಗೆಂದರೆ ಎಲ್ಲರೂ ತಲೆದೂಗುತ್ತಾರೆ, ಮರಿಬಸಪ್ಪ ಮೇಷ್ಟ್ರು ಇನ್ನೊಂದು ಪತ್ರ ಬರೆಯುತ್ತಾರೆ, ದಸ್ತಗಿರಮ್ಮನ ಮಾತೊಂದೇ ಗಾಳಿಯಲ್ಲಿ ಬೆತ್ತಲೆ ನಿಲ್ಲುತ್ತದೆ. ಆ ತುದಿಯಲ್ಲಿ ದಸ್ತಗಿರಮ್ಮ ಇನ್ನೂ ಫೋನು ಇಟ್ಟಿಲ್ಲ. ಅವಳ ಉಸಿರು ಹೆಡ್‌ಫೋನಿನಲ್ಲಿ ಕೇಳುತ್ತಿದೆ. ಐದು ಸೆಕೆಂಡು. ಏಳು. ರಾಮಲಕ್ಷ್ಮಿ ಮೈಕಿನ ಕಡೆ ನೋಡುವುದಿಲ್ಲ. ನೇರವಾಗಿ ಭೀಮಲಿಂಗಪ್ಪನವರ ಮುಖ ನೋಡುತ್ತಾಳೆ.

“ನಾನೂ ಒಂದಕ್ಕ ಹೋಗ್ತೀನ್ರಿ, ಸಾವ್ಕಾರ್ರ. ಪಾಯಖಾನಿ ಕಾಂಪೌಂಡಿನ ಆ ತುದಿಗೈತಿ. ಹೋಗಿ ಬರಾಕ ಹನ್ನೆರಡೂವರಿ ನಿಮಿಷ ಹಿಡೀತೈತಿ. ಅದಕ್ಕ ಹಾಕ್ತೀನಿ.”