ಹುಲ್ಲಿಗಾಗಿ ಕೊಟ್ಟ ಮಾತು

ನನಗೆ ಗಿಡ ನೆಡುವವರನ್ನು ಕಂಡರಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಂತೇಬೆನ್ನೂರಿನ ನಮ್ಮ ಮನೆಯ ಸುತ್ತ ಇರುವ ಬೇವು, ಹೊಂಗೆ ಎಲ್ಲ ನಾನೇ ನೆಟ್ಟಿದ್ದು. ಆದರೆ ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು ಎಂಬ ಬುದ್ಧಿಯೂ ಬೇಕು. ಮಕ್ಕಳಿಗೆ ಅಷ್ಟನ್ನು ಹೇಳಿಕೊಡೋಣ ಎಂದು ನಾವಿಬ್ಬರು ಒಂದು ಸಂಸ್ಥೆ ಕಟ್ಟಿದೆವು. ಒಬ್ಬಳು ಶಾಲೆಯಿಂದ ನಿವೃತ್ತಳಾದ ನಾನು, ಇನ್ನೊಬ್ಬಳು ನ್ಯಾಮತಿಯ ನನ್ನ ಗೆಳತಿ. ನನಗಿಂತ ಚಿಕ್ಕವಳು, ಅಕ್ಕಾ ಅಕ್ಕಾ ಎಂದು ಜೊತೆಜೊತೆಗೇ ಇರುತ್ತಿದ್ದಳು. ಅವಳು ಅಧ್ಯಕ್ಷೆ, ನಾನು ಕಾರ್ಯದರ್ಶಿ. ಮೈಕು ಅವಳಿಗೆ, ಬಿಸಿಲು ನನಗೆ. ಅದರ ಬಗ್ಗೆ ನನಗೆ ತಕರಾರೇನೂ ಇರಲಿಲ್ಲ.

ನಮ್ಮ ಚನ್ನಗಿರಿ ಕಡೆಯ ಮಕ್ಕಳಿಗೆ ತೋಟ, ಕೆರೆ ಹೊಸದಲ್ಲ. ಅದಕ್ಕೇ ಅವರನ್ನು ಜಗಳೂರು ತಾಲ್ಲೂಕಿನ ಒಂದು ಗೋಮಾಳಕ್ಕೆ ಕರೆದೊಯ್ಯುತ್ತಿದ್ದೆವು. ಬಸ್ಸಿಳಿದ ಕೂಡಲೇ ಮಕ್ಕಳು, "ಇಲ್ಲೇನೂ ಇಲ್ಲಲ್ರೀ ಮಿಸ್" ಎನ್ನುತ್ತಿದ್ದರು. ಬಾಯಿ ಮುಚ್ಚಿ ಕೂರಿ ಎನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಗೌಜಲಹಕ್ಕಿಯೊಂದು ಕಾಲಬುಡದಿಂದಲೇ ಬುರ್ರನೆ ಎದ್ದು ಎಲ್ಲರ ಎದೆ ಝಲ್ಲೆನ್ನಿಸುತ್ತಿತ್ತು. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿಗೆ ಆ ಬರೀ ಹುಲ್ಲೇ ಮನೆ. ಅಲ್ಲಿ ಮರ ಬೆಳೆಸಿದರೆ ಹುಲ್ಲು ಸಾಯುತ್ತದೆ, ಮರದ ಮೇಲೆ ಕಾಗೆ ಬಂದು ಕೂತು ಮೊಟ್ಟೆ ತಿನ್ನುತ್ತದೆ. ಇದನ್ನು ನನಗಿಂತ ಚೆನ್ನಾಗಿ ಅವಳೇ ಮಕ್ಕಳಿಗೆ ಹೇಳುತ್ತಿದ್ದಳು.

ಪಕ್ಕದ ಹಟ್ಟಿಯವರ ಕುರಿಗಳು ವರ್ಷವಿಡೀ ಅಲ್ಲೇ ಮೇಯುತ್ತಿದ್ದವು. ಮಳೆಗಾಲ ಮುಗಿಯುವವರೆಗೆ ಜಾಗ ಬಿಟ್ಟರೆ ಹುಲ್ಲು ಬೀಜ ಕಟ್ಟುತ್ತದೆ, ದೀಪಾವಳಿಯ ನಂತರ ಕುರಿಗಳಿಗೂ ಹೊಟ್ಟೆ ತುಂಬ ಸಿಗುತ್ತದೆ, ಹಾಗೆ ಮಾಡೋಣ ಎಂದು ಒಂದು ವರ್ಷ ಮುಂಗಾರು ಶುರುವಾಗುವಾಗ ಅವಳೇ ಹೇಳಿದಳು. "ಹಟ್ಟಿಗೆ ನೀವೇ ಹೋಗಿ ಕೇಳ್ರಿ ಅಕ್ಕ" ಎಂದಳು. ಹೋದೆ.

ಹಟ್ಟಿಯಲ್ಲಿ ಒಬ್ಬ ಅಜ್ಜಿ. ಅವಳು ಹೂಂ ಅಂದರೆ ಎಲ್ಲರೂ ಹೂಂ. ಅವಳು ಒಂದೇ ಪ್ರಶ್ನೆ ಕೇಳಿದಳು: "ಬೇಲಿ ಹಾಕ್ತೀರೇನ್ರಿ ಟೀಚರಮ್ಮ? ಬೇಲಿ ಹಾಕಿದ ಜಾಗ ತಿರುಗಿ ಬಂದಿದ್ದು ನಾನಂತೂ ಕಂಡಿಲ್ಲ."

"ಇಲ್ಲಮ್ಮ. ಬೇಲಿನೂ ಇಲ್ಲ, ಗಿಡನೂ ಇಲ್ಲ. ನನ್ನ ಮಾತು" ಎಂದೆ.

ಆ ಮಳೆಗಾಲವಿಡೀ ಅವರು ಕುರಿಗಳನ್ನು ದೂರದೂರಕ್ಕೆ ಹೊಡೆದುಕೊಂಡು ಹೋಗಿ ಮೇಯಿಸಿದರು. ಅಷ್ಟರಲ್ಲಿ ಹೊನ್ನಾಳಿಗೆ ಕೊಟ್ಟ ಮಗಳು ಬಾಣಂತನಕ್ಕೆ ಬಂದಳು, ನಾನು ಮನೆ ಬಿಟ್ಟು ಕದಲಲಿಲ್ಲ. ಗೆಳತಿ ಆಗಾಗ ಫೋನು ಮಾಡಿ ಮಗುವಿನ ಯೋಗಕ್ಷೇಮ ಕೇಳುತ್ತಿದ್ದಳು. ಗೋಮಾಳದ ಸುದ್ದಿ ಕೇಳಿದರೆ, "ಹುಲ್ಲು ಮೊಣಕಾಲುದ್ದ ಬಂದೈತಕ್ಕ" ಎನ್ನುತ್ತಿದ್ದಳು. ಕೇಳಿ ಹಿಗ್ಗುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಗೋಮಾಳಕ್ಕೆ ಹೋಗಿ ನೋಡಿದರೆ ಸುತ್ತಲೂ ಮುಳ್ಳುತಂತಿ. ಒಳಗೆ ಜೆಸಿಬಿ ಓಡಾಡಿದ ಗುರುತು, ಹುಲ್ಲು ಕಿತ್ತ ಕೆಂಪು ಮಣ್ಣು, ಸಾಲುಸಾಲು ಸಸಿ. ಗೇಟಿನ ಮೇಲೆ ನಮ್ಮ ಸಂಸ್ಥೆಯ ಬೋರ್ಡು. ಅದರಲ್ಲಿ ನನ್ನ ಹೆಸರೂ ಇತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ಆ ಬೇಲಿಯ ಮೇಲೆ ನನ್ನ ಹೆಸರು ಬರೆದಿದ್ದರು.

ಅಜ್ಜಿ ಕುರಿಗಳೊಂದಿಗೆ ಹೊರಗೇ ನಿಂತಿದ್ದಳು. "ನನಗೆ ಗೊತ್ತಿರ್ಲಿಲ್ಲಮ್ಮ" ಎಂದೆ.

"ಇರಬೋದು" ಎಂದಳು. "ಆದ್ರೆ ನಾವು ಜಾಗ ಬಿಟ್ಟಿದ್ದು ನಿಮ್ಮ ಮಾತಿಗೆ ಕಣ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಕುರಿಗಳನ್ನು ಟಾರು ರಸ್ತೆಗೆ ತಿರುಗಿಸಿಕೊಂಡು ಹೋದಳು.

ಅಂದೇ ನ್ಯಾಮತಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಗೆಳತಿಯ ಪರವಾಗಿ ನಾನೇ ವಕೀಲಿಕೆ ಮಾಡಿದೆ. ಯಾರೋ ಒತ್ತಾಯ ಮಾಡಿರಬೇಕು, ಬಾಣಂತಿ ಮನೆಯಲ್ಲಿ ಇದ್ದಾಳೆ ಎಂದು ನನಗೆ ಹೇಳದೆ ಇದ್ದಿರಬೇಕು. ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ವಿಷಯ ತಿಳಿಯಿತು.

"ಹುಲ್ಲು ತೋರ್ಸಿದ್ರೆ ಯಾರು ಮೆಚ್ತಾರಕ್ಕ? ಸಂಸ್ಥೆ ನೋಡಾಕೆ ಬಂದೋರೆಲ್ಲ ನಿಮ್ಮ ಕೆಲಸ ಎಲ್ಲೈತೆ ಅಂತಾರೆ. ಗಿಡ ಆದ್ರೆ ಕಣ್ಣಿಗೆ ಕಾಣ್ತೈತೆ. ಮಕ್ಕಳಿಗೂ ನೆಡಾಕೆ ಖುಷಿ."

"ಯಾವಾಗ ತೀರ್ಮಾನ ಮಾಡ್ದೆ?"

"ಬೇಸಿಗೆಯಾಗೇ."

ಅಂದರೆ ನಾನು ಹಟ್ಟಿಗೆ ಹೋಗುವ ಮೊದಲೇ. "ನನ್ನನ್ನ ಅಲ್ಲಿಗೆ ಕಳಿಸುವಾಗ ನಿನಗೆ ಗೊತ್ತಿತ್ತಾ?"

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಗೊತ್ತಿತ್ತಕ್ಕ. ಕುರಿ ಇದ್ರೆ ಗುಂಡಿ ತೋಡಾಕೆ ಅವರು ಬಿಡ್ತಿರ್ಲಿಲ್ಲ. ನಿಮ್ಮ ಮಾತಾದ್ರೆ ಕೇಳ್ತಾರೆ. ನಿಮಗೆ ಮೊದ್ಲೇ ಹೇಳಿದ್ರೆ, ಸುಳ್ಳು ಹೇಳಾಕೆ ನಿಮಗೆಲ್ಲಿ ಬರ್ತೈತೆ?"

ಅದನ್ನು ಹೊಗಳಿಕೆಯೆಂಬಂತೆ ಹೇಳಿದಳು. ಹಾಗೇ ತಟ್ಟೆ ತೆಗೆದಿಟ್ಟು, "ಊಟ ಮಾಡ್ಕೊಂಡು ಹೋಗ್ರಿ" ಎಂದಳು. ಎಷ್ಟೋ ವರ್ಷ ಆ ಮನೆಯಲ್ಲಿ ಕೇಳದೆಯೇ ಬಡಿಸಿಕೊಂಡು ಉಂಡವಳು ನಾನು. ಅಂದು ನೀರನ್ನೂ ಮುಟ್ಟದೆ ಎದ್ದು ಬಂದೆ.