ನುಂಗಿದ ಕೆಮ್ಮು

ಇವತ್ತು ಕಲಬುರಗಿಯ ಜೇವರ್ಗಿ ಕಾಲೋನಿಯ ದವಾಖಾನೆ ಮುಂದೆ ಒಬ್ಬ ಬಂಡಿಯಲ್ಲಿ ಕಮಲಾಪುರದ ಕೆಂಬಾಳೆ ಮಾರುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಅಜ್ಜನ ಹಣ್ಣಿನ ಕೋಣೆಯಲ್ಲಿದ್ದೆ.

೧೯೪೮ರಲ್ಲಿ ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್‌ಗೆ ಮುಂಚಿನ ಗದ್ದಲದ ದಿನಗಳವು; ನಾನಿನ್ನೂ ಸಣ್ಣ ಹುಡುಗಿ. ನಿಜಾಮನ ಕಡೆಯ ಬಂದೂಕಿನವರು ಕಮಲಾಪುರಕ್ಕೆ ಬಂದರೆಂಬ ಸುದ್ದಿ ತಿಳಿದೊಡನೆ ಅಜ್ಜ ಅವ್ವನನ್ನೂ ಅಜ್ಜಿಯನ್ನೂ ನನ್ನನ್ನೂ ಬಾಳೆ ಮಾಗಿಸುವ ಆ ಕಿಟಕಿಯಿಲ್ಲದ ಕೋಣೆಗೆ ನೂಕಿದ. ಯಾರಿಗೂ ಸಂಶಯ ಬರಬಾರದೆಂದು ಎಂದಿನಂತೆ ಮಡಕೆಯಲ್ಲಿ ಕುಳ್ಳಿನ ಹೊಗೆ ಇಟ್ಟು, ಬಾಗಿಲು ಮುಚ್ಚಿ, ಸಂದಿಗೆಲ್ಲ ಸಗಣಿ ಮೆತ್ತಿದ.

ಕತ್ತಲಲ್ಲಿ ಗೊನೆಗಳು ತಲೆಗೆ ತಾಗುತ್ತಿದ್ದವು. ಹೊಗೆಗೆ ನನ್ನ ಗಂಟಲು ಕೆರೆಯತೊಡಗಿತು. ಅಜ್ಜಿ ತನ್ನ ಸೆರಗನ್ನು ನನ್ನ ಬಾಯಿಗೆ ತುರುಕಿ, ಕಿವಿಯಲ್ಲಿ ಹೇಳಿದಳು: "ನುಂಗು ನನ್ನವ್ವಾ. ನೀ ಕೆಮ್ಮಿದ್ರ ಎಲ್ಲಾರೂ ಹೋಗ್ತೀವಿ."

ಹೊರಗೆ ಒಂದು ಗಡಸು ದನಿ ಕೇಳಿತು. "ಅಂದರ್ ಕ್ಯಾ ಹೈ?"

"ಬಾಳಿಕಾಯಿ ಹಣ್ಣಿಗೆ ಹಾಕೀನ್ರಿ ಸಾಹೇಬ್ರ. ಬಾಗಲಾ ತಗದ್ರ ಎಲ್ಲಾ ಕೆಡ್ತಾವ." ಅಜ್ಜನ ದನಿಯಲ್ಲಿ ನಡುಕವೇ ಇರಲಿಲ್ಲ.

ನಾನು ನುಂಗಿದೆ. ಅವರು ಹೋದರು.

"ಭಾಳ ಗಟ್ಟಿ ಹುಡುಗಿ" ಎಂದು ಎಲ್ಲರೂ ಹೊಗಳಿದರು. ಮುಂದೆ ಸಾಲೆಯಲ್ಲಿ, ಅತ್ತೆಮನೆಯಲ್ಲಿ, ನೌಕರಿಯಲ್ಲಿ ಸಿಟ್ಟು ಬಂದರೂ ಅಳು ಬಂದರೂ ನುಂಗಿದೆ. ಸಂಸಾರ ಮುರಿಯದೆ ಉಳಿಯಿತು, ಒಳ್ಳೆಯ ಹೆಸರೂ ಬಂತು.

ಇವತ್ತು ದವಾಖಾನೆಯಲ್ಲಿ ಹುಡುಗ ಡಾಕ್ಟರು ನನ್ನ ಎದೆಗೆ ಕೊಳವೆ ಇಟ್ಟು, "ಜೋರಾಗಿ ಕೆಮ್ರಿ ಆಯಿ, ಇಲ್ಲಿ ಯಾರೂ ಏನೂ ಅನ್ನಂಗಿಲ್ಲ" ಎಂದರು.

ನನ್ನ ಕಣ್ಣು ಬಾಗಿಲ ಕಡೆ ಹೋಯಿತು. ಸೆರಗು ಆಗಲೇ ಬಾಯಲ್ಲಿತ್ತು.