ಬೆಳ್ಯಪ್ಪಗೌಡರ ಮನೆಯ ಮಗ

ಕೊಡಗಿನಲ್ಲಿ ನನ್ನನ್ನು ಮೊದಲು ಮಾತಾಡಿಸಿದ ಮನುಷ್ಯನ ಹೆಗಲ ಮೇಲೆ ಕೋವಿ ಇತ್ತು. ಬಸ್ಸಿಳಿದು ಟ್ರಂಕು ಹೊತ್ತು, ತೋಟದ ದಾರಿ ತಪ್ಪಿ, ಯಾರದೋ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದೆ. ಎದುರಿಗೆ ಬಂದವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎಲ್ಲಿಗೆ ಹೋದು?" ಎಂದರು. ಕಳ್ಳನೆಂದು ಸುಟ್ಟೇಬಿಡುತ್ತಾರೆಂದು ಹೆದರಿ ಟ್ರಂಕನ್ನು ಕೆಸರಿಗೆ ಹಾಕಿ ಕೈಮುಗಿದೆ. ಅವರು ನಕ್ಕು, ಕೋವಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ, ನನ್ನ ಟ್ರಂಕನ್ನು ತಾವೇ ಎತ್ತಿಕೊಂಡು ನಡೆದರು. ಗದ್ದೆಗೆ ನುಗ್ಗುವ ಕಾಡುಹಂದಿ ಕಾಯಲು ಹೊರಟವರಂತೆ. ನಮ್ಮ ಅರಕಲಗೂಡು ಕಡೆ ಕೋವಿ ಕಂಡರೆ ಪೊಲೀಸರು ಬಂದರೆಂದು ಊರೇ ಬಾಗಿಲು ಹಾಕಿಕೊಳ್ಳುತ್ತದೆ. ಇಲ್ಲಿ ಅದು ಕತ್ತಿ ಗುದ್ದಲಿಗಳ ಜೊತೆ ಗೋಡೆಗೆ ಒರಗಿರುತ್ತದೆ.

ಅವರೇ ಬೆಳ್ಯಪ್ಪಗೌಡರು. ನಾನು ರೈಟರ್ ಕೆಲಸಕ್ಕೆ ಸೇರಿದ ಕಾಫಿ ತೋಟದ ಬೇಲಿಗೆ ಅವರ ಗದ್ದೆ ತಾಗಿಕೊಂಡಿತ್ತು. ರೈಟರ್ ಎಂದರೆ ಆಳುಗಳ ಹಾಜರಿ ಹಾಕುವವನು, ಅಷ್ಟೇ. ಊರಿನಲ್ಲಿ ನಮ್ಮಣ್ಣ ನಾನು ಏನೋ ದೊಡ್ಡ ಸಾಹೇಬನಾದೆನೆಂದು ಹೇಳಿಕೊಂಡು ತಿರುಗುತ್ತಿದ್ದಾನಂತೆ, ನಂಬಬೇಡಿ. ವಾಸಕ್ಕೆ ಕೊಟ್ಟದ್ದು ಲೈನಿನ ಕೊನೆಯ ಕೋಣೆ. ಆಳುಗಳಿಗಾಗಿ ಒಂದೇ ಮಾಡಿನ ಕೆಳಗೆ ಸಾಲಾಗಿ ಕಟ್ಟಿದ ಕೋಣೆಗಳಿಗೆ ಇಲ್ಲಿ ಲೈನು ಎನ್ನುತ್ತಾರೆ. ಒಂದು ಗೋಡೆಯಾಚೆ ತಮಿಳು, ಇನ್ನೊಂದರಾಚೆ ಮಲೆಯಾಳ. ಹೊಳೆಯಾಚೆ ನಮ್ಮದು ಮೈಸೂರು ರಾಜ್ಯ, ಈಚೆ ಕೊಡಗೇ ಒಂದು ರಾಜ್ಯ, ಮಡಿಕೇರಿಯೇ ರಾಜಧಾನಿ. ಇಷ್ಟು ಸಣ್ಣ ರಾಜ್ಯದಲ್ಲಿ ಇಷ್ಟು ಭಾಷೆಗಳಿದ್ದರೂ ಒಬ್ಬರೂ ನನ್ನನ್ನು "ಉಂಡೆಯಾ" ಎಂದು ಕೇಳಲಿಲ್ಲ. ರಾಗಿ ಸಿಗದು. ಮೂರು ಹೊತ್ತೂ ಅಕ್ಕಿ ತಿಂದು ಹೊಟ್ಟೆ ತುಂಬದೆ, ಹಿಟ್ಟಿನ ನೆನಪಿಗೇ ಕಣ್ಣಲ್ಲಿ ನೀರು ಬರುತ್ತಿತ್ತು.

ಕೇಳಿದವಳು ಜಾನಕಿ, ಗೌಡರ ಒಬ್ಬಳೇ ಮಗಳು. ಆ ಮನೆಗೆ ಗಂಡುಮಕ್ಕಳಿರಲಿಲ್ಲ. ಭಾನುವಾರ ಗೌಡರು ಊಟಕ್ಕೆ ಕರೆಯುತ್ತಿದ್ದರು. ಅವರದು ಅರೆಭಾಷೆ, ಕನ್ನಡವೇ, ಆದರೆ ಬೇರೆ ದಾರಿಯಲ್ಲಿ ನಡೆದು ಬಂದದ್ದು. ನನಗೆ ಗೊತ್ತಿಲ್ಲದ್ದು ಅವರಿಗೆ "ಗೊತ್ಲೆ", ನಮ್ಮಲ್ಲಿ ಇರುವುದು ಅವರಲ್ಲಿ "ಉಟ್ಟು". ನಾನು ಆಡಿದರೆ ಜಾನಕಿ ಸೆರಗು ಬಾಯಿಗಿಟ್ಟು ನಗುವಳು. "ರೈಟ್ರೆ, ನಿಮ್ಮ ಬಾಯಿಲಿ ನಮ್ಮ ಮಾತು ಬಿಸಿ ಕಡುಬು ಕಚ್ಚಿದಾಂಗೆ ಉಟ್ಟು" ಎನ್ನುವಳು. ಒಮ್ಮೆ ಎಲ್ಲಿಂದಲೋ ಸೇರು ರಾಗಿ ತರಿಸಿ, ಮುದ್ದೆ ಮಾಡಲು ಬಾರದೆ ಗಂಟುಗಂಟಾದ ಅಂಬಲಿ ಮಾಡಿ ಬಡಿಸಿದಳು. ಅಷ್ಟು ರುಚಿಯಾದದ್ದನ್ನು ನಾನು ಅಮ್ಮನ ಕೈಯಲ್ಲೂ ಉಂಡಿರಲಿಲ್ಲ. ಆ ದಿನದಿಂದ ಅವಳಿಲ್ಲದೆ ಬದುಕುವುದು ನನ್ನಿಂದಾಗದು ಎನಿಸಿತು. ಅವಳಿಗೂ ಹಾಗೆಯೇ ಇತ್ತೆಂದು ಅವಳು ನನಗಾಗಿ ಜಗಲಿಯಲ್ಲಿ ಕಾಯುವುದರಲ್ಲೇ ತಿಳಿಯುತ್ತಿತ್ತು.

ಆ ವರ್ಷ ಹುತ್ತರಿ ಬಂತು. ಹೊಸ ಭತ್ತದ ಕದಿರು ಕೊಯ್ದು ಮನೆ ತುಂಬಿಸುವ ಹಬ್ಬ. ಹಿಂದಿನ ದಿನ ಗೌಡರು ನನ್ನನ್ನು ಕೂರಿಸಿಕೊಂಡು, "ನಿಮ್ಮ ಬಳಿ ಯಾವ್ದ್?" ಎಂದರು. ಬಳಿ ಎಂದರೆ ಇವರಲ್ಲಿ ಒಂದೇ ಮೂಲದ ಮನೆಗಳ ಗುಂಪು. ಅಪ್ಪ ಚಿಕ್ಕಂದಿನಲ್ಲೇ ತೀರಿಕೊಂಡದ್ದರಿಂದ ನನಗೆ ಮನೆದೇವರ ಹೆಸರು ಬಿಟ್ಟರೆ ಬೇರೇನೂ ತಿಳಿಯದು. ಅದನ್ನೇ ಹೇಳಿದೆ. "ಬಳಿ ಇಲ್ಲದೆ ಮನುಷ್ಯ ಹೆಂಗೆ ಇದ್ದದ್? ನಮ್ಮ ಮನೇಲಿ ಮಗ ಇಲ್ಲೆ. ನೀ ನಮ್ಮ ಬಳಿಗೆ ಬಾ" ಎಂದರು. ನಮ್ಮ ಕಡೆ ವಯಸ್ಸಾದವರು ದಾರಿಯಲ್ಲಿ ಹೋಗುವವನನ್ನೂ ಮಗನೇ ಎಂದು ಕರೆಯುತ್ತಾರೆ. ಅದು ಪ್ರೀತಿಯ ಮಾತು, ಮಾತಾಡಿದಲ್ಲೇ ಮುಗಿಯುತ್ತದೆ. ಇದೂ ಹಾಗೆಯೇ ಎಂದುಕೊಂಡೆ. ಅಲ್ಲದೆ, ಮನೆಗೆ ಹತ್ತಿರದವನಾದರೆ ಹೆಣ್ಣು ಕೇಳುವುದು ಸುಲಭವಾಯಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಮರುದಿನ ಚಂದ್ರ ಮೂಡುವ ಹೊತ್ತಿಗೆ ಬಳಿಯ ಹಿರಿಯರೆಲ್ಲ ಗದ್ದೆಯಲ್ಲಿ ಸೇರಿದರು. ಗೌಡರು ಕತ್ತಿಯನ್ನು ನನ್ನ ಕೈಗೆ ಕೊಟ್ಟು, "ಇವ ನನ್ನ ಮಗ, ಕದಿರು ಇವನೇ ತೆಗೀಲಿ" ಎಂದರು. ಕೋವಿ ಹಾರಿತು, ಬೆಳೆ ಹೆಚ್ಚಲೆಂದು "ಪೊಲಿ ಪೊಲಿ" ಎಂದು ಎಲ್ಲರೂ ಕೂಗಿದರು. ನಾನು ಕೊಯ್ದೆ. ದೀಪ ಹಿಡಿದು ನಿಂತಿದ್ದ ಜಾನಕಿ ದೀಪವನ್ನು ಬೇರೆಯವರ ಕೈಗಿಟ್ಟು ಒಳಗೆ ಹೋದಳು.

ಬಾವಿಕಟ್ಟೆಯ ಹತ್ತಿರ ಸಿಕ್ಕಿದಾಗ ಅವಳ ಕಣ್ಣು ಊದಿದ್ದವು.

"ಯಾಕೆ ಕತ್ತಿ ಹಿಡ್ದಿರಿ?"

"ನಿಮ್ಮಪ್ಪ ಕೊಟ್ರು, ಹಿಡಿದೆ."

"ಕೊಟ್ಟದೆಲ್ಲಾ ಹಿಡಿಯೊಕಾ? ಅದ್ನ ಹಿಡ್ದವಂಗೆ ನಾ ತಂಗೆ. ಅಷ್ಟೂ ಗೊತ್ಲೆನಾ ನಿಮಗೆ?"

ಗೊತ್ತಿರಲಿಲ್ಲ. ಗೊತ್ತಾದಾಗ ಭೂಮಿ ಬಾಯಿಬಿಡಬಾರದೇ ಎನಿಸಿತು. ಒಂದೇ ಬಳಿಯವರು ಇವರಲ್ಲಿ ಒಡಹುಟ್ಟಿದವರು, ಮದುವೆಯ ಮಾತನ್ನು ಬಾಯಲ್ಲೂ ಆಡುವಂತಿಲ್ಲ. ನಾಚಿಕೆ ಬಿಟ್ಟು ಗೌಡರ ಕಾಲು ಹಿಡಿದೆ. ಅವರು ನನ್ನನ್ನು ಎತ್ತಿ ಜಗಲಿಯಲ್ಲಿ ಕೂರಿಸಿದರು.

"ಅಂದೇ ಹೇಳಿದ್ರೆ ಸಂತೋಷಲಿ ಕೊಡ್ತಿದ್ದೆ. ಅಳಿಯನಾಗಿ ಇಲ್ಲೇ ಇಟ್ಕಣ್ತಿದ್ದೆ. ಈಗ ಎಂಥ ಮಾಡುದು? ಅಣ್ಣಂಗೆ ತಂಗೆನ ಕೊಡೋಕೆ ಆದಾ?"

"ಆ ಮಾತು ವಾಪಸ್ ತಗಳಿ ಗೌಡ್ರೆ. ನಾನು ಹೊರಗಿನವನಾಗೇ ಇರ್ತೀನಿ."

"ಹತ್ತು ಜನರ ಮುಂದೆ ಹೇಳಿದ್ದ್. ಮಗನ್ನ ಇಲ್ಲೆ ಅಂತ ಹೆಂಗೆ ಹೇಳ್ಲಿ?" ಎಂದು ಅವರು ಅತ್ತರು. ಆ ಅಳು ನೋಡಿದ ಮೇಲೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ದಾರಿಯೂ ಉಳಿಯಲಿಲ್ಲ. ಮಗನಾಗಲು ಒಪ್ಪದಿದ್ದರೆ ಅಳಿಯನಾಗುತ್ತಿದ್ದೆ.

ಬೇಸಿಗೆಯಲ್ಲಿ ಭಾಗಮಂಡಲ ಕಡೆಯ ಗಂಡಿಗೆ ಅವಳನ್ನು ಕೊಟ್ಟರು. ಚಪ್ಪರಕ್ಕೆ ಬಂದ ಮದುಮಗನ ಕಾಲನ್ನು ಹೆಣ್ಣಿನ ಒಡಹುಟ್ಟಿದವನು ತೊಳೆಯಬೇಕು. ನನ್ನನ್ನು ಕರೆದರು. ಕಿಂಡಿ ಎನ್ನುವ ಕೊಳವೆ ಬಾಯಿಯ ಚೊಂಬಿನಲ್ಲಿ ನೀರು ತಂದು ತೊಳೆದೆ. ಒಳ್ಳೆಯ ಮನುಷ್ಯ, ಬಗ್ಗಿ, "ಸಾಕು ಭಾವ" ಎಂದ. ಆ ಕಿಂಡಿಯಿಂದಲೇ ಅವನ ತಲೆಗೆ ಬಡಿದುಬಿಡಲೇ ಎನಿಸಿತು. ಬಡಿಯಲಿಲ್ಲ. ಟವೆಲಿನಿಂದ ಕಾಲು ಒರೆಸಿದೆ.

ಆ ತೋಟದಲ್ಲಿ ಉಸಿರಾಡಲಾಗದೆ ಪಾಲಿಬೆಟ್ಟದ ಎಸ್ಟೇಟೊಂದಕ್ಕೆ ಬಂದೆ. ಈಗ ಇಲ್ಲಿಯೇ ಇದ್ದೇನೆ. ಒಂಟಿ ಗಂಡಸರಿಗೆ ಇಲ್ಲಿ ಬರವಿಲ್ಲ. ಊರಿನ ಹೆಂಡತಿಯ ಮುಖ ಮರೆತ ಮಲಬಾರಿನ ಕಾವಲುಗಾರ, ಯಾರನ್ನೋ ನೆನೆದು ಪಾತ್ರೆ ತಿಕ್ಕುತ್ತಾ ಅಳುವ ಅಡುಗೆಯವನು, ನಾನು. ಸಂಜೆ ಮೂವರೂ ಒಂದೇ ಒಲೆಯ ಮುಂದೆ ಕೂರುತ್ತೇವೆ, ಒಬ್ಬರನ್ನೊಬ್ಬರು ಏನೂ ಕೇಳುವುದಿಲ್ಲ. ಸಿದ್ದಾಪುರದ ಚಹಾದಂಗಡಿಗೆ ಹೋದರೆ ಕೊಡಗು ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಜಗಳ. ನನ್ನನ್ನು ಕೇಳಿದರೆ, ಸೇರುವ ಮೊದಲು ಸರಿಯಾಗಿ ವಿಚಾರಿಸಿಕೊಳ್ಳಿ ಎನ್ನುತ್ತೇನೆ. ಅವರು ನಗುತ್ತಾರೆ.

ಅಣ್ಣ ಊರಿನಲ್ಲಿ ಹೆಣ್ಣು ನೋಡಿದ್ದಾನೆ, ಬಂದುಬಿಡು ಎನ್ನುತ್ತಾನೆ. ಒಮ್ಮೆ ಟ್ರಂಕು ತುಂಬಿಯೂ ಇಟ್ಟಿದ್ದೆ. ಆಗಲೇ ಬೆಳ್ಯಪ್ಪಗೌಡರು ಹೇಳಿ ಕಳಿಸಿದರು: ಹುತ್ತರಿ ಬಂತು, ತನಗೆ ಮಂಡಿ ನೋವು, ಹೋಗಿ ತಂಗಿಯನ್ನು ಕರೆದುಕೊಂಡು ಬಾ. ತವರಿನಿಂದ ಒಬ್ಬ ಗಂಡಸು ಹೋಗಿ ಕರೆಯದೆ ಮದುವೆಯಾದ ಹೆಣ್ಣು ಹಬ್ಬಕ್ಕೆ ಬರುವಂತಿಲ್ಲ. ಹೋಗಬಾರದೆಂದು ಆಣೆ ಹಾಕಿಕೊಂಡೆ, ಹೋದೆ.

ಅವಳು ಸೊರಗಿದ್ದಳು. ಬಟ್ಟೆಯ ಗಂಟು ಕಟ್ಟಿ ಬಾಗಿಲಲ್ಲೇ ಕೂತಿದ್ದಳು. ಇಬ್ಬರೂ ಹೊರಟೆವು. ಅರ್ಧ ಗುಡ್ಡ ಹತ್ತಿದ ಮೇಲೆ ಅವಳು ನಿಂತಳು.

"ನೀವು ಊರಿಗೆ ಹೋಗಿ. ಮದುವೆ ಆಗಿ. ಇಲ್ಲಿ ಹಿಂಗೆ ಇರ್ಬೇಡಿ."

"ನಾನು ಹೋದ್ರೆ ನಿನ್ನ ಕರಿಯಾಕೆ ಯಾರು ಬತ್ತಾರೆ?"

ಅವಳು ಅಪ್ಪನ ಮನೆ ಇರುವ ಕಡೆ ನೋಡಿದಳು. "ಯಾರೂ ಇಲ್ಲೆ" ಎಂದಳು.

ನಾನು ಗಂಟನ್ನು ಅವಳ ಕೈಯಿಂದ ತೆಗೆದುಕೊಂಡು ಮುಂದೆ ನಡೆದೆ.